ಅಟ್ಟದ ಮೇಲಿನ ಮಿನಾರು

ದೀಪಾವಳಿಗೆ ಹದಿನೈದು ದಿನ ಇರುವಾಗ ನಮ್ಮ ಭಾಲ್ಕಿಯ ಮನೆಗೆ ಸುಣ್ಣಬಣ್ಣ ಆಗುತ್ತದೆ. ಆಗ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿದು ಅಂಗಳದಲ್ಲಿ ಒಂದು ಹೊತ್ತು ಬಿಸಿಲು ಕಾಯುತ್ತದೆ. ಒಡೆದ ತೊಟ್ಟಿಲು, ಹಿತ್ತಾಳೆ ಹಂಡೆ, ಮಕ್ಕಳ ಹಳೆಯ ಪಠ್ಯಪುಸ್ತಕಗಳ ಗಂಟು, ಇವುಗಳ ನಡುವೆ ಹಸಿರು ಬಣ್ಣದ ಒಂದು ಕಬ್ಬಿಣದ ಟ್ರಂಕು. ನಮ್ಮ ಯಜಮಾನರು ಪ್ರತಿ ವರ್ಷವೂ ಅದರ ಮುಂದೆ ನಿಂತು ಅದೇ ಪ್ರಶ್ನೆ ಕೇಳುತ್ತಾರೆ: "ಇದು ಇನ್ನಾ ಬೇಕೇನು?" ನಾನೂ ಪ್ರತಿ ವರ್ಷ ಅದೇ ಉತ್ತರ ಕೊಡುತ್ತೇನೆ: "ಇರಲಿ ಬಿಡ್ರಿ." ಸಂಜೆಗೆ ಟ್ರಂಕು ಮತ್ತೆ ಅಟ್ಟ ಸೇರುತ್ತದೆ. ಬೀಗ ಮಾತ್ರ ತೆಗೆಯುವುದಿಲ್ಲ.

ಆ ಟ್ರಂಕಿನಲ್ಲಿರುವುದು ಸೀರೆಯಲ್ಲ, ಬಂಗಾರವಲ್ಲ. ರಟ್ಟು, ಬ್ಲೇಡು, ಒಂದು ಉಕ್ಕಿನ ಸ್ಕೇಲು, ಡಿವೈಡರು, ಜಲವರ್ಣದ ಬಿಲ್ಲೆಗಳು, ಗೋಂದಿನ ಶೀಸೆ, ಮತ್ತು ಬೀದರಿನ ಮಹಮೂದ್ ಗವಾನ್ ಮದರಸಾದ ಅರ್ಧಕ್ಕೆ ನಿಂತ ಒಂದು ಮಾದರಿ. ಹದಿಮೂರನೆಯ ವಯಸ್ಸಿನಿಂದ ಇಪ್ಪತ್ತನಾಲ್ಕರವರೆಗೆ ಈ ಸಾಮಾನು ನನ್ನ ಕೈಬಿಟ್ಟಿರಲಿಲ್ಲ. ಈಗ ನನಗೆ ಐವತ್ತಾರು. ಮೂವತ್ತು ವರ್ಷಗಳಿಂದ ನಾನು ಒಂದು ರಟ್ಟನ್ನೂ ಕತ್ತರಿಸಿಲ್ಲ. ಆದರೂ ಯಾರಾದರೂ "ನಿಮ್ಮ ಹವ್ಯಾಸ ಏನು ಮೇಡಂ?" ಎಂದು ಕೇಳಿದರೆ ಬಾಯಿಗೆ ಮೊದಲು ಬರುವುದು "ಮಾದರಿ ಮಾಡುವುದು" ಎಂಬ ಮಾತೇ. ಹೇಳಿದ ಮೇಲೆ ನಾಚಿಕೆಯಾಗುತ್ತದೆ. ಮಾಡದೆ ಇರುವುದನ್ನು ನನ್ನದು ಎನ್ನಬಹುದೇ? ಕೈಬಿಟ್ಟ ಮೇಲೂ ಉಳಿದಿರುವ ಪ್ರೀತಿ ಪ್ರೀತಿಯೋ, ಅಥವಾ ಪ್ರೀತಿಯ ಹೆಸರಿನ ಬರೀ ಜಂಬವೋ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಕುಳಿತಾಗ ಬರೆದದ್ದು ಇದು.

ನನ್ನ ತಂದೆ ಭೂಮಾಪನ ಇಲಾಖೆಯಲ್ಲಿದ್ದರು. ಔರಾದ್, ಭಾಲ್ಕಿ ತಾಲ್ಲೂಕಿನ ಹೊಲಗಳಲ್ಲಿ ಸರಪಳಿ ಎಳೆದು ಬಂದವರು. ಸಂಜೆ ಮನೆಗೆ ಬಂದು, ಕಂದೀಲಿನ ಬೆಳಕಿನಲ್ಲಿ ಆ ಹೊಲಗಳನ್ನು ಕಾಗದದ ಮೇಲೆ ಇಳಿಸುತ್ತಿದ್ದರು. ಕಣ್ಣಿಗೆ ಕಂಡಷ್ಟು ದೂರ ಜೋಳ ತೂಗುವ ಹೊಲ ಅಂಗೈಯಗಲದ ಕಾಗದದಲ್ಲಿ ಕುಳಿತುಕೊಳ್ಳುವುದನ್ನು ನೋಡಿ ನನಗೆ ಬೆರಗು. "ಹೊಲ ಸಣ್ಣದಾಗಲಿಲ್ಲವ್ವ, ನಾವು ದೂರ ಸರಿದೀವಿ ಅಷ್ಟೆ" ಎನ್ನುತ್ತಿದ್ದರು ಅಪ್ಪ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಗೆ ಹದಿನಾರು ಆಣೆ. ಈ ಲೆಕ್ಕ ನಾನು ಶಾಲೆಯಲ್ಲಿ ಕಲಿತದ್ದಲ್ಲ, ಅಪ್ಪನ ಮಗ್ಗುಲಲ್ಲಿ ಕುಳಿತು ಕಲಿತದ್ದು. ಪ್ರಮಾಣ ಎಂಬ ಮಾತಿನ ಅರ್ಥವೂ ಅಲ್ಲಿಯೇ ತಿಳಿಯಿತು. ಒಂದನ್ನು ಎಷ್ಟು ಕುಗ್ಗಿಸುತ್ತೀಯೋ ಎಲ್ಲವನ್ನೂ ಅಷ್ಟೇ ಕುಗ್ಗಿಸಬೇಕು. ಗೌಡರ ಹೊಲಕ್ಕೆ ಒಂದು ಪ್ರಮಾಣ, ಕೂಲಿಯವನ ತುಂಡು ಹೊಲಕ್ಕೆ ಇನ್ನೊಂದು ಪ್ರಮಾಣ ಹಿಡಿದರೆ ಅದು ನಕಾಶೆಯಲ್ಲ, ಮೋಸ. ನೀತಿಯ ಮೊದಲ ಪಾಠವೂ ನನಗೆ ಹೀಗೆಯೇ ಬಂತೆಂದು ಈಗ ಅನ್ನಿಸುತ್ತದೆ.

ನಮ್ಮ ತವರುಮನೆ ಬೀದರಿನ ಹಳೆಯ ಊರಿನಲ್ಲಿ, ಚೌಬಾರದಿಂದ ಕೂಗಳತೆಯಲ್ಲಿ. ಶಾಲೆಗೆ ಹೋಗುವ ದಾರಿಯಲ್ಲಿ ಮದರಸಾ. 1472ರ ಹೊತ್ತಿಗೆ ಬಹಮನಿ ದೊರೆಗಳ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯ ಅದು. ಇರಾನಿನ ಗೀಲಾನ್ ಸೀಮೆಯಿಂದ ಬಂದಿದ್ದ ಆ ಪುಣ್ಯಾತ್ಮನನ್ನು 1481ರಲ್ಲಿ, ಒಂದು ಸುಳ್ಳು ಪತ್ರವನ್ನು ನಂಬಿ, ಅವನು ಸೇವೆ ಮಾಡುತ್ತಿದ್ದ ಸುಲ್ತಾನನೇ ಕೊಲ್ಲಿಸಿದ. ಕಟ್ಟಡ ಉಳಿಯಿತು. 1696ರಲ್ಲಿ, ಔರಂಗಜೇಬನ ಕಾಲದಲ್ಲಿ, ಅಲ್ಲಿ ತುಂಬಿಸಿಟ್ಟಿದ್ದ ಮದ್ದು ಸಿಡಿದು ಅದರ ಮುಂಭಾಗದ ಒಂದು ಪಾಲು ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಅದರ ಮೈಮೇಲೆ ನೀಲಿ, ಹಸಿರು, ಬಿಳಿ ಹೆಂಚಿನ ಬಿಲ್ಲೆಗಳ ಅಂಕುಡೊಂಕು ಪಟ್ಟೆ ಈಗಲೂ ಅಲ್ಲಲ್ಲಿ ಹೊಳೆಯುತ್ತದೆ.

1982ರ ಬೇಸಿಗೆ ರಜೆಯಲ್ಲಿ ನಾನು ಆ ಕಟ್ಟಡವನ್ನು ರಟ್ಟಿನಲ್ಲಿ ಕಟ್ಟಲು ಕುಳಿತೆ. ಮೊದಲು ಮಾಡಿದ್ದು ಆಟಿಕೆಯಂತಿತ್ತು. ಅಪ್ಪ ನೋಡಿ, "ಪ್ರಮಾಣ ಎಷ್ಟು?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅಂದೇ ಅದನ್ನು ಹರಿದುಹಾಕಿದೆ. ಮುಂದೆ ಕಾಲೇಜಿಗೆ ಹೋಗುವಾಗ ಗ್ರಂಥಾಲಯದಲ್ಲಿ ಗುಲಾಂ ಯಜ್ದಾನಿಯವರು ಬೀದರಿನ ಚರಿತ್ರೆ ಮತ್ತು ಸ್ಮಾರಕಗಳ ಬಗ್ಗೆ ಬರೆದ, 1947ರಲ್ಲಿ ಅಚ್ಚಾದ ದೊಡ್ಡ ಇಂಗ್ಲಿಷ್ ಗ್ರಂಥ ಸಿಕ್ಕಿತು. ಮದರಸಾದ ಉದ್ದ ಸುಮಾರು 205 ಅಡಿ, ಅಗಲ ಸುಮಾರು 180 ಅಡಿ. ಮಿನಾರಿನ ಎತ್ತರ ಸುಮಾರು 131 ಅಡಿ. ಮೀಟರಿಗೆ ಒಂದು ಸೆಂಟಿಮೀಟರು ಎಂದು ಪ್ರಮಾಣ ಹಿಡಿದೆ. ಎಂದರೆ ಒಂದಕ್ಕೆ ನೂರು. ಉದ್ದ 62 ಸೆಂಟಿಮೀಟರಿಗೆ ತುಸು ಹೆಚ್ಚು, ಅಗಲ 55, ಮಿನಾರು 40. ನಮ್ಮ ರೊಟ್ಟಿ ಬಡಿಯುವ ಹಲಗೆಯ ಮೇಲೆ ಕೂರದಷ್ಟು ದೊಡ್ಡದು, ಹೊಸಿಲು ದಾಟಿಸಬಹುದಾದಷ್ಟು ಸಣ್ಣದು.

ಹಣ ಕೊಟ್ಟು ಸಾಮಾನು ತರುವ ಕಾಲ ಅದಲ್ಲ. ಗೋಡೆಗೆ ಸೀರೆ ಡಬ್ಬಿಯ ರಟ್ಟು. ಕಮಾನಿಗೆ ಮದುವೆ ಆಮಂತ್ರಣದ ದಪ್ಪ ಕಾಗದ, ಅದಕ್ಕೆ ಬಾಗಿದರೂ ಒಡೆಯದ ಗುಣವಿದೆ. ಕಟಕಟೆಗೆ ಊದಿನಕಡ್ಡಿಯ ಬಿದಿರು. ಗುಮ್ಮಟಕ್ಕೆ ರಬ್ಬರು ಚೆಂಡಿನ ಮೇಲೆ ನೆನೆಸಿದ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಿಂದ ಹಚ್ಚಿ, ಒಣಗಿದ ಮೇಲೆ ಅರ್ಧಕ್ಕೆ ಕೊಯ್ದು ತೆಗೆಯುವುದು. ಅಂಟಿನಲ್ಲಿ ಚಿಟಿಕೆ ಮೈಲುತುತ್ತು ಬೆರೆಸದಿದ್ದರೆ ಹುಳ ಬೀಳುತ್ತದೆ. ಮಿನಾರಿಗೆ ಅವ್ವನ ಲಟ್ಟಣಿಗೆಯ ಸುತ್ತ ಕಾಗದ ಸುತ್ತಬೇಕು. ಲಟ್ಟಣಿಗೆ ಸಿಗದೆ ಅವ್ವ ಬೈದ ದಿನಗಳು ಎಷ್ಟೋ.

ಈ ಕೆಲಸ ಮಾಡದವರಿಗೆ ಅದರ ಸುಖ ಏನೆಂದು ಹೇಗೆ ಹೇಳಲಿ? ಮಾದರಿ ಮಾಡುವವರು ಲೋಕದ ತುಂಬ ಇದ್ದಾರೆ. ಪ್ಲಾಸ್ಟಿಕ್ಕಿನ ವಿಮಾನ ಜೋಡಿಸುವವರಲ್ಲಿ ಒಂದಕ್ಕೆ ಎಪ್ಪತ್ತೆರಡು ಎಂಬ ಪ್ರಮಾಣ ಬಹಳ ಬಳಕೆಯಲ್ಲಿದೆ; ಆರಡಿ ಆಳು ಅದರಲ್ಲಿ ಸರಿಯಾಗಿ ಒಂದು ಅಂಗುಲ ಆಗುತ್ತಾನೆ. ನಮ್ಮ ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದು ಇಲ್ಲಿಯೇ. ತಲೆಯ ಮೇಲೆ ವಿಮಾನ ಹಾರುವ ಊರಿನಲ್ಲಿ ಹುಡುಗರು ಥರ್ಮೋಕೋಲಿನ ವಿಮಾನ ಮಾಡದೆ ಇರುತ್ತಾರೆಯೇ? ಆದರೆ ಈ ಹುಚ್ಚು ನಿನ್ನೆ ಮೊನ್ನೆಯದಲ್ಲ, ಪರದೇಶದ್ದೂ ಅಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿ ನೋಡಿದವರಿಗೆ ಗೊತ್ತು: ಗೋಡೆಯ ಮೇಲೆ ಅಂಗೈಯಗಲ, ಮೊಳದುದ್ದದ ಪುಟ್ಟ ಪುಟ್ಟ ಶಿಖರಗಳು, ಕಂಬದ ಮೇಲೆ ಕೂರಿಸಿದ ಗುಡಿಯ ಮರಿಗಳು. ಇಡೀ ಗುಡಿಯ ಮೈಮೇಲೆ ಗುಡಿಗಳ ಮಾದರಿ. ಚಾಲುಕ್ಯರ ಕಾಲದ ನಮ್ಮ ಕಲ್ಲುಕುಟಿಗರು ದೊಡ್ಡದನ್ನು ಕಟ್ಟುವಾಗಲೂ ಸಣ್ಣದರ ಮೋಹ ಬಿಟ್ಟವರಲ್ಲ.

ಸುಖ ಇರುವುದು ಸಣ್ಣದಾಗಿಸುವುದರಲ್ಲಿ ಅಲ್ಲ, ನೋಡುವುದರಲ್ಲಿ. ದಿನಾ ಆ ದಾರಿಯಲ್ಲಿ ಓಡಾಡಿದವಳು ನಾನು. ಆದರೆ ರಟ್ಟು ಕತ್ತರಿಸಲು ಕುಳಿತ ಮೇಲೆ ಗೊತ್ತಾಯಿತು, ಕಮಾನುಗಳು ಎಷ್ಟು, ಎಲ್ಲಿ ಒಂದರ ಮೇಲೊಂದು ಬರುತ್ತವೆ, ಮೆಟ್ಟಿಲು ಎತ್ತ ತಿರುಗುತ್ತದೆ ಎಂಬುದೊಂದೂ ನನಗೆ ತಿಳಿದಿರಲಿಲ್ಲವೆಂದು. ಮತ್ತೆ ಮತ್ತೆ ಹೋಗಿ ಎಣಿಸಬೇಕು. ಎಣಿಸುತ್ತ ಎಣಿಸುತ್ತ ಐನೂರು ವರ್ಷದ ಹಿಂದೆ ಆ ಕಲ್ಲು ಇಟ್ಟವನ ಕೈ ಎಲ್ಲಿ ತಡೆದಿತ್ತು, ಎಲ್ಲಿ ಸಲೀಸಾಗಿ ಹೋಗಿತ್ತು ಎಂಬುದು ಅರಿವಿಗೆ ಬರುತ್ತದೆ. ಒಬ್ಬ ಮನುಷ್ಯನನ್ನು ಇಷ್ಟು ತಾಳ್ಮೆಯಿಂದ ನೋಡಿದ್ದರೆ ಅವನನ್ನು ಪ್ರೀತಿಸದೆ ಇರಲು ಆಗುತ್ತಿರಲಿಲ್ಲ.

ಕೆಲಸ ಮುಂಭಾಗಕ್ಕೆ ಬಂದಾಗ ನನಗೊಂದು ಧರ್ಮಸಂಕಟ ಎದುರಾಯಿತು. ಎರಡನೆಯ ಮಿನಾರನ್ನು ಏನು ಮಾಡುವುದು? 1472ರಲ್ಲಿ ಇದ್ದ ಹಾಗೆ ಕಟ್ಟಿದರೆ ಎರಡು ಬೇಕು. ಈಗ ಇರುವ ಹಾಗೆ ಕಟ್ಟಿದರೆ ಒಂದೇ, ಪಕ್ಕದಲ್ಲಿ ಮುರಿದ ಗೋಡೆ. ಅಣ್ಣ, "ಎರಡೂ ಮಾಡು, ಚಂದ ಕಾಣ್ತದ" ಎಂದ. ಅಪ್ಪ, "ಹಾಳಾದದ್ದನ್ನ ಇಲ್ಲ ಅಂದ್ರ ಸುಳ್ಳು ಹೇಳಿದಂಗ" ಎಂದರು. ನನಗೆ ಎರಡೂ ನಿಜವೆನಿಸಿತು. ಕಟ್ಟಿಸಿದವನ ಮನಸ್ಸಿನಲ್ಲಿದ್ದದ್ದು ನಿಜವೋ, ಕಾಲ ಅದಕ್ಕೆ ಮಾಡಿದ್ದು ನಿಜವೋ? ಉಳಿದ ಮಿನಾರನ್ನು ಮಾಡಿ ನಿಲ್ಲಿಸಿ, ಇನ್ನೊಂದನ್ನು ಆಮೇಲೆ ಯೋಚಿಸಿದರಾಯಿತೆಂದು ಬಿಟ್ಟೆ. ಆ ಆಮೇಲೆ ಬರಲೇ ಇಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಹಿಂದಿನ ದಿನವಷ್ಟೇ ಗಣಪತಿ ವಿಸರ್ಜನೆಯ ಗದ್ದಲ ಮುಗಿದು ಊರು ಆಗತಾನೆ ಮಲಗಿತ್ತು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ ಭೂಮಿ ನಡುಗಿತು. ನಾನೂ ಆಯಿಯೂ ಮಲಗಿದ್ದು ಪಡಸಾಲೆಯಲ್ಲಿ. ಆಯಿ ಎಂದರೆ ನನ್ನ ತಂದೆಯ ತಾಯಿ. ನಮ್ಮ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುವುದು. ಮೊಳಕಾಲು ಹಿಡಿದುಹೋಗಿದ್ದ ಆಕೆಗೆ ಎದ್ದು ನಿಲ್ಲಲು ಒಬ್ಬರ ಕೈ ಬೇಕು. ಮಾಡದ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದಾಯಿತು, ಸೂರಿನಿಂದ ಮಣ್ಣು ಉದುರಿತು. ಒಳಗಿನಿಂದ ಅಪ್ಪ "ಹೊರಗ ಹೋಗ್ರಿ, ಹೊರಗ" ಎಂದು ಕೂಗಿದರು. ನಾನು ಎದ್ದೆ. ಕತ್ತಲಲ್ಲಿ ಮೂಲೆಯ ಹಲಗೆಯ ಕಡೆ ಓಡಿ, ಎರಡೂ ಕೈಯಿಂದ ನನ್ನ ಮದರಸಾ ಎತ್ತಿಕೊಂಡು ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಅಪ್ಪ ನನ್ನ ಮುಖ ನೋಡಿದರು, ಕೈಯಲ್ಲಿದ್ದದ್ದನ್ನು ನೋಡಿದರು. "ಆಯಿ ಎಲ್ಲಿ?" ಎಂದರು. ಉತ್ತರ ಕಾಯದೆ ಒಳಗೆ ಓಡಿ ಆಕೆಯನ್ನು ಎತ್ತಿಕೊಂಡು ಬಂದರು. ಅಷ್ಟರಲ್ಲಿ ನಡುಕ ನಿಂತಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಹೊಸಿಲಿಗೆ ತಾಗಿ ನನ್ನ ಮಿನಾರು ಮಾತ್ರ ಬುಡದಲ್ಲಿ ಮುರಿದಿತ್ತು. ಬೆಳಗಾದ ಮೇಲೆ ಗೊತ್ತಾಯಿತು, ಪಕ್ಕದ ಲಾತೂರು ಸೀಮೆಯಲ್ಲಿ ಕಿಲ್ಲಾರಿ ಎಂಬ ಊರು ನೆಲಸಮವಾಗಿದೆಯೆಂದು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಹೆಚ್ಚಿನವರು ಸತ್ತದ್ದು ನಮ್ಮಂಥದೇ ಕಲ್ಲುಮಣ್ಣಿನ ದಪ್ಪ ಗೋಡೆ, ಭಾರದ ಮಣ್ಣಿನ ಮಾಳಿಗೆಯ ಮನೆಗಳು ಮೈಮೇಲೆ ಬಿದ್ದು, ಮಲಗಿದ್ದಲ್ಲೇ. ನಡುಕ ನಮ್ಮಲ್ಲಿ ಇನ್ನಷ್ಟು ಜೋರಾಗಿದ್ದಿದ್ದರೆ?

ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನೂ ಮಾತಾಡದೆ ಮುರಿದ ಮಿನಾರನ್ನೂ ಉಳಿದ ಸಾಮಾನನ್ನೂ ಟ್ರಂಕಿಗೆ ತುಂಬಿದೆ.

ಮರುವರ್ಷ ಔರಾದ್ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ನೌಕರಿ ಆಯಿತು. ಅದರ ಮುಂದಿನ ವರ್ಷ ಭಾಲ್ಕಿಗೆ ಮದುವೆ. ಮದುವೆಯ ಹಿಂದಿನ ದಿನ ಅರಿಸಿನದ ಕೈಯಲ್ಲಿ ಆಯಿಯ ಕಾಲಿಗೆ ಬಿದ್ದಾಗ, ಆಕೆ ನನ್ನ ಗಲ್ಲ ಹಿಡಿದು ಕೇಳಿದಳು: "ಅವತ್ತು ನನ್ನ ಕಿಂತ ಮೊದಲು ಅದನ್ನ ಎತ್ತಿದಿ, ಹೌದಿಲ್ಲವ್ವ?" ದನಿಯಲ್ಲಿ ಸಿಟ್ಟಿರಲಿಲ್ಲ. ಕುತೂಹಲವಿತ್ತು, ಅಷ್ಟೆ. ನಾನು ಹೌದೆಂದೆ. "ಹೌದಂದಿ, ಅದಾ ಬೇಷು" ಎಂದು ತಲೆ ಸವರಿದಳು. ಎರಡು ವರ್ಷಕ್ಕೆ ಆಕೆ ಹೋದಳು. ಟ್ರಂಕನ್ನು ಅವ್ವ ಬಳುವಳಿಯ ಜೊತೆಗೇ ಕಳಿಸಿದ್ದಳು.

ಹವ್ಯಾಸ ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ ನಾನು ಇಷ್ಟು ವರ್ಷ ಹೇಳಿದ್ದು ಬೇರೆ ಕತೆ. ಬೆಳಿಗ್ಗೆ ಭಾಲ್ಕಿಯಿಂದ ಬಸ್ಸು ಹಿಡಿದು ಔರಾದ್ ಕಡೆ ಹೋಗಿ ಸಂಜೆ ತಿರುಗಿ ಬರುವುದು, ಎರಡು ಮಕ್ಕಳು, ಅತ್ತೆಯವರ ಕಾಯಿಲೆ, ಜನಗಣತಿ, ಚುನಾವಣೆ ಕೆಲಸ. ಇದರಲ್ಲಿ ಸುಳ್ಳಿಲ್ಲ. ಹೆಣ್ಣುಮಕ್ಕಳು ಹಾಡು, ಚಿತ್ರ, ಓದು ಬಿಟ್ಟ ಕತೆ ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಪಟ್ಟಿ ಬರುತ್ತದೆ, ಕೇಳಿದವರು ಮರುಗುತ್ತಾರೆ. ಆ ಮರುಕವನ್ನು ನಾನೂ ಪಡೆದಿದ್ದೇನೆ. ಆದರೆ ಮನಸ್ಸು ಮಾಡಿದ್ದರೆ ಮೂವತ್ತು ವರ್ಷದಲ್ಲಿ ಮೂವತ್ತು ಭಾನುವಾರ ಸಿಗುತ್ತಿರಲಿಲ್ಲವೇ? ಬಿಟ್ಟದ್ದು ಹೊತ್ತಿಲ್ಲದೆ ಅಲ್ಲ. ಆ ಬೆಳಗಿನ ಜಾವಕ್ಕೆ ನಾನು ಕೊಟ್ಟುಕೊಂಡ ದಂಡ ಅದು.

ಈಗ ಕೇಳಿಕೊಳ್ಳುತ್ತೇನೆ: ದಂಡ ಸರಿಯಾದವರ ಮೇಲೆ ಬಿತ್ತೇ? ಅವತ್ತು ಅವ್ವ ಎತ್ತಿಕೊಂಡು ಬಂದದ್ದು ಬಂಗಾರದ ಡಬ್ಬಿ. ಅಣ್ಣ ತಂದದ್ದು ತನ್ನ ಮಾರ್ಕ್ಸ್ ಕಾರ್ಡುಗಳ ಫೈಲು. ಅವರನ್ನು ಯಾರೂ ಏನೂ ಅನ್ನಲಿಲ್ಲ, ಅವರಿಗೂ ಏನೂ ಅನ್ನಿಸಲಿಲ್ಲ. ಹಾಗೆಂದು ನಾನು ಬಿಡಿಸಿಕೊಳ್ಳಲಾರೆ. ಆಯಿಯ ಮಗ್ಗುಲಲ್ಲಿ ಮಲಗಿದ್ದವಳು ನಾನು. ಆಕೆಯ ಕೈಗೆ ಸಿಗಬೇಕಾದದ್ದು ನನ್ನ ಕೈ. ತಪ್ಪು ನನ್ನದೇ. ಆದರೆ ಆ ತಪ್ಪು ರಟ್ಟಿನದೇ? ಕೈ ಕೊಯ್ದುಕೊಂಡವಳು ಈಳಿಗೆಯನ್ನು ಬಾವಿಗೆ ಹಾಕಿದ ಹಾಗೆ ನಾನು ಮಾಡಿದೆ. ಈಳಿಗೆ ಹೋಯಿತು, ನೋಡದೆ ಕೈಯಿಟ್ಟ ಅಭ್ಯಾಸ ಉಳಿಯಿತು. ಮಾದರಿ ಬಿಟ್ಟ ಮೇಲೆ ನಾನು ಮನುಷ್ಯರ ಕಡೆ ಹೆಚ್ಚು ಗಮನ ಕೊಟ್ಟೆನೇ? ಅತ್ತೆಯವರು ಕೊನೆಯ ದಿನಗಳಲ್ಲಿ ನೀರು ಕೇಳಿದಾಗ ಉತ್ತರಪತ್ರಿಕೆ ತಿದ್ದುತ್ತ "ಬಂದೆ" ಎಂದು ಕುಳಿತಿದ್ದು ನೆನಪಿದೆ. ಅಲ್ಲಿ ರಟ್ಟೂ ಇರಲಿಲ್ಲ, ಬ್ಲೇಡೂ ಇರಲಿಲ್ಲ. ಬಿಟ್ಟುಬಿಡುವುದು ಪ್ರಾಯಶ್ಚಿತ್ತದಲ್ಲಿ ಎಲ್ಲಕ್ಕಿಂತ ಸುಲಭದ್ದು. ಬಿಟ್ಟೆ ಎನ್ನುವ ಸಮಾಧಾನ ಸಿಗುತ್ತದೆ, ತಿದ್ದಿಕೊಳ್ಳುವ ಕಷ್ಟ ತಪ್ಪುತ್ತದೆ.

ಬಿಟ್ಟರೂ ಪ್ರೀತಿ ಹೋಗಲಿಲ್ಲ. ಬಸ್ಸಿನ ಕಿಟಕಿಯಿಂದ ಭಾಲ್ಕಿಯ ಕೋಟೆ ಕಂಡರೆ ಕಣ್ಣು ತಾನಾಗಿ ಬುರುಜಿನ ಅಗಲವನ್ನು ಎತ್ತರಕ್ಕೆ ಹೋಲಿಸುತ್ತದೆ. ಹೊಸ ಸೀರೆ ತಂದರೆ ನಾನು ಮೊದಲು ಬೆರಳಾಡಿಸುವುದು ಡಬ್ಬಿಯ ರಟ್ಟಿನ ಮೇಲೆ. ಯಾರದೋ ಮಗಳ ಮದುವೆಯ ಆಮಂತ್ರಣ ಬಂದಾಗ ಮುಹೂರ್ತ ನೋಡುವ ಮೊದಲು ಕಾಗದ ಬಾಗಿಸಿ ನೋಡುತ್ತೇನೆ. ಇದಕ್ಕೆಲ್ಲ ಪ್ರೀತಿ ಎಂದು ಹೆಸರಿಟ್ಟುಕೊಂಡು ನಾನು ಸುಖವಾಗಿದ್ದೆ. ಯಾರಿಗೂ ತೊಂದರೆಯಿಲ್ಲದ, ಯಾರ ಕಣ್ಣಿಗೂ ಬೀಳದ ಪ್ರೀತಿ. ಅದಕ್ಕೂ ಪರೀಕ್ಷೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

2019ರಲ್ಲಿ ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ತಂದೆತಾಯಿ ಕೂಲಿ ಮಾಡುವವರು. ಒಂದು ದಿನ ಆಕೆ ಬೆಂಕಿಪೊಟ್ಟಣಗಳನ್ನು ಅಂಟಿಸಿ ಮಾಡಿದ ಔರಾದಿನ ಅಮರೇಶ್ವರ ಗುಡಿಯನ್ನು ಸೆರಗಿನಂತೆ ಹೊದ್ದ ಟವಲಿನಲ್ಲಿ ಮುಚ್ಚಿಕೊಂಡು ತಂದಳು. ಮಕ್ಕಳು ಮಾಡುವ ಬೆಂಕಿಪೊಟ್ಟಣದ ಗುಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಇದು ಹಾಗಿರಲಿಲ್ಲ. "ಹೆಂಗ ಅಳತಿ ಮಾಡಿದಿ?" ಎಂದೆ. "ಹೆಜ್ಜಿ ಎಣಿಸೀನ್ರಿ ಮೇಡಂ. ಒಂದು ಹೆಜ್ಜಿಗಿ ಒಂದು ಕಡ್ಡಿ." ಯಾರೂ ಹೇಳಿಕೊಡದೆ ಆ ಮಗು ಪ್ರಮಾಣವನ್ನು ತಾನೇ ಕಂಡುಕೊಂಡಿತ್ತು. ನಾನು ಹದಿಮೂರರಲ್ಲಿ ಅಪ್ಪನಿಂದ ಕೇಳಿ ಕಲಿತದ್ದನ್ನು ಆಕೆ ಹನ್ನೆರಡರಲ್ಲಿ ಕಾಲಿನಿಂದ ಕಲಿತಿದ್ದಳು.

ಹೊಗಳಿದೆ. ಹೊಗಳುತ್ತ ಇರುವಾಗ ಬಾಯಿತಪ್ಪಿ ನನ್ನ ಟ್ರಂಕಿನ ವಿಷಯ ಹೇಳಿಬಿಟ್ಟೆ. ಹುಡುಗಿಯ ಕಣ್ಣು ಅರಳಿತು. "ಆ ಬ್ಲೇಡು, ಸ್ಕೇಲು ನನಗ ಕೊಡ್ತೀರೇನ್ರಿ ಮೇಡಂ? ಮಾಡಿ ತಿರುಗಿ ಕೊಡ್ತೀನಿ." ನಾನು ಹೇಳಿದ್ದು: "ಬ್ಯಾಡವಾ, ಕೈಗಿ ತಾಗ್ತದ. ದೊಡ್ಡಕ್ಕಿ ಆದ ಮ್ಯಾಲ ನೋಡೋಣ." ಆಕೆ ತಲೆಯಾಡಿಸಿ ಹೋದಳು. ಕೈಗೆ ತಾಗುತ್ತದೆ ಎಂಬುದು ನೆಪ. ಆ ಸಾಮಾನು ಬೇರೊಬ್ಬರ ಕೈಯಲ್ಲಿ ಕೆಲಸ ಮಾಡುವುದನ್ನು ನನ್ನ ಮನಸ್ಸು ಸಹಿಸಲಿಲ್ಲ. ನಾನು ಬಿಟ್ಟ ಕಡೆಯಿಂದ ಆಕೆ ಮುಂದೆ ಹೋದರೆ, ಬಿಟ್ಟವಳು ಎಂಬುದು ಬಿಟ್ಟರೆ ನನಗೆ ಉಳಿಯುವುದೇನು? ಮಗುವಿನ ಮೇಲೆ ಹೊಟ್ಟೆಕಿಚ್ಚು. ಇಪ್ಪತ್ತೈದು ವರ್ಷ ಪಾಠ ಹೇಳಿದವಳು ಇದನ್ನು ಬರೆಯುವುದು ಸುಲಭವಲ್ಲ.

ನಮ್ಮ ಗಡಿ ಶಾಲೆಗಳಲ್ಲಿ ಮರಾಠಿ ಮನೆಮಾತಿನವರೂ ಇರುತ್ತಾರೆ. ಒಂದು ದಿನ ಶಿಕ್ಷಕರ ಕೋಣೆಯಲ್ಲಿ ಯಾವುದೋ ಅರ್ಜಿ ತುಂಬುವಾಗ 'ಹವ್ಯಾಸ' ಎಂಬ ಕಲಂ ಬಂತು. ಮರಾಠಿಯ ನನ್ನ ಸಹೋದ್ಯೋಗಿ ಬಾಯಿ ನಕ್ಕರು. "ನಿಮ್ಮ ಕನ್ನಡದಾಗ ಇದನ್ನ ಹಂಗ ಬರೀತೀರಿ. ನಮ್ಮ ಮರಾಠಿಯೊಳಗ ಹವ್ಯಾಸ ಅಂದ್ರ ದುರಾಸಿ, ಎಷ್ಟಿದ್ರೂ ಸಾಲದ ಆಸಿ. ನೀವು ಹೇಳೋದಕ್ಕ ನಾವು ಛಂದ ಅಂತೀವಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ನಗು ಬರಲಿಲ್ಲ. ಒಂದೇ ಪದ, ನಡುವೆ ಒಂದು ಗಡಿ. ನನ್ನ ಟ್ರಂಕಿನಲ್ಲಿರುವುದು ಗಡಿಯ ಯಾವ ಕಡೆಯ ಹವ್ಯಾಸ?

ಕಲ್ಯಾಣದ ನೆಲದಲ್ಲಿ ಬದುಕುವ ನಮಗೆ ಕಾಯಕ ಎಂಬ ಮಾತು ಹೊಸದಲ್ಲ. ಅದರ ಬೆನ್ನಿಗೇ ದಾಸೋಹ ಎಂಬ ಮಾತೂ ಇದೆ. ಮಾಡಬೇಕು, ಮಾಡಿದ್ದನ್ನು ಹಂಚಬೇಕು. ನಾನು ಮಾದರಿ ಮಾಡುವುದನ್ನು ಕಾಯಕವೆಂದು ಎಂದೂ ಎಣಿಸಿರಲಿಲ್ಲ; ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ದಾಸೋಹದ ಮಾತು ಅದಕ್ಕೂ ಸಲ್ಲುತ್ತದೆಂದು ಅಂದು ಹೊಳೆಯಿತು. ಮಾಡುವುದನ್ನು ಬಿಡಲು ಕಾರಣಗಳಿರುತ್ತವೆ. ವಯಸ್ಸು, ಸಂಸಾರ, ಕಣ್ಣು, ಮನಸ್ಸು ಯಾವುದೂ ಆಗಬಹುದು. ಅದಕ್ಕೆ ಯಾರೂ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ತಾನೂ ಮಾಡದೆ, ಮಾಡಬಲ್ಲವರಿಗೂ ಕೊಡದೆ, ಬೀಗ ಹಾಕಿಟ್ಟು ಅದನ್ನು ಪ್ರೀತಿ ಎಂದು ಕರೆಯುವುದಕ್ಕೆ ಮಾತ್ರ ಲೆಕ್ಕ ಕೊಡಬೇಕಾಗುತ್ತದೆ. ಬಿಟ್ಟವಳ ಪ್ರೀತಿ ನಿಜವೋ ಅಲ್ಲವೋ ಎಂಬುದು ತಿಳಿಯುವುದು ತಾನು ಮಾಡುವುದರಿಂದಲ್ಲ, ಇನ್ನೊಬ್ಬರು ಮಾಡುವುದನ್ನು ನೋಡಿ ಆಕೆಗೆ ಏನಾಗುತ್ತದೆ ಎಂಬುದರಿಂದ. ಆ ಪರೀಕ್ಷೆಯಲ್ಲಿ ನಾನು ಸೋತಿದ್ದೆ.

ಮುಂದಿನ ವಾರ ಕೊಡೋಣ, ಮುಂದಿನ ತಿಂಗಳು ಕೊಡೋಣ ಎನ್ನುತ್ತಿರುವಾಗ 2020ರ ಮಾರ್ಚ್ ಬಂತು. ಕೊರೊನಾದಿಂದ ಶಾಲೆ ಮುಚ್ಚಿದವು. ಮತ್ತೆ ತೆರೆದಾಗ ಆ ಹುಡುಗಿ ಬರಲಿಲ್ಲ. ಮನೆಮಂದಿಯೆಲ್ಲ ಕೆಲಸ ಹುಡುಕಿ ಹೈದರಾಬಾದಿಗೆ ಹೋದರೆಂದು ಪಕ್ಕದ ಮನೆಯವರು ಹೇಳಿದರು. ಆಕೆ ಈಗ ಹದಿನೆಂಟು ದಾಟಿರಬೇಕು. ಓದುತ್ತಿದ್ದಾಳೋ, ಮದುವೆಯಾಗಿದೆಯೋ, ಯಾವುದಾದರೂ ದೊಡ್ಡ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಾಳೋ. ಹೆಜ್ಜೆ ಎಣಿಸುವುದನ್ನು ಬಿಟ್ಟಿರಲಾರಳು ಎಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳುವುದೂ ನನ್ನ ಸಮಾಧಾನಕ್ಕೇ ಇರಬೇಕು. ಆಯಿಯನ್ನು ಅಪ್ಪ ಹೋಗಿ ಎತ್ತಿಕೊಂಡು ಬಂದರು. ಈ ಹುಡುಗಿಗೆ ಕೈ ಕೊಡಲು ಹಾಗೆ ಬೇರೆ ಯಾರೂ ಇರಲಿಲ್ಲ.

ಕಳೆದ ದೀಪಾವಳಿಯಲ್ಲಿ ಯಜಮಾನರು ಎಂದಿನಂತೆ ಕೇಳಿದರು. ನಾನು "ಇರಲಿ" ಎನ್ನಲಿಲ್ಲ. ಬೀಗದ ಕೈ ಎಲ್ಲಿದೆಯೋ ನೆನಪಾಗದೆ ಸುತ್ತಿಗೆಯಿಂದ ಬೀಗ ಒಡೆಸಿದೆ. ಗೋಂದು ಕಲ್ಲಾಗಿತ್ತು. ಬಣ್ಣದ ಬಿಲ್ಲೆಗಳು ಪುಡಿಯಾಗಿದ್ದವು. ಬ್ಲೇಡುಗಳು ಒಂದಕ್ಕೊಂದು ತುಕ್ಕಿನಲ್ಲಿ ಅಂಟಿಕೊಂಡಿದ್ದವು. ಮಾದರಿಯ ಹಿಂಗೋಡೆಯನ್ನು ಬೆಳ್ಳಿಹುಳು ತಿಂದು ಜಾಲರಿ ಮಾಡಿತ್ತು. 2019ರಲ್ಲಿಯೇ ತೆರೆದಿದ್ದರೂ ಹೀಗೇ ಇರುತ್ತಿತ್ತೋ ಏನೋ. ಯಾರಿಗೂ ಕೊಡದೆ ಕಾಯ್ದದ್ದು ಬಹುಶಃ ಆಗಲೇ ಹಾಳಾಗಿದ್ದ ಸಾಮಾನನ್ನು. ಕೆಡದೆ ಉಳಿದದ್ದು ಎರಡೇ: ಉಕ್ಕಿನ ಸ್ಕೇಲು ಮತ್ತು ಡಿವೈಡರು. ಆಮೇಲೆ, ಆಶ್ಚರ್ಯವೆಂದರೆ, ಬುಡ ಮುರಿದ ಮಿನಾರು. ಮೈಲುತುತ್ತು ಹಾಕಿದ ಅಂಟಾದ್ದರಿಂದ ಅದಕ್ಕೆ ಹುಳ ಬಿದ್ದಿರಲಿಲ್ಲ.

ಅವನ್ನು ಶಾಲೆಗೆ ಒಯ್ದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆರೇಳು ಮಕ್ಕಳು ಉಳಿಯುತ್ತಾರೆ. ನಾನು ಕತ್ತರಿಸುವುದಿಲ್ಲ, ಅಂಟಿಸುವುದಿಲ್ಲ. ಕೈ ನಡುಗುತ್ತದೆ, ಹತ್ತಿರದ ಕಣ್ಣೂ ಸಾಲದು. ಸ್ಕೇಲು ಹಿಡಿದುಕೊಳ್ಳುತ್ತೇನೆ, ಪ್ರಮಾಣ ಎಷ್ಟು ಎಂದು ಕೇಳುತ್ತೇನೆ. ಒಬ್ಬ ಹುಡುಗ ಕಮಾನಿನ ತುದಿಯನ್ನು ನಾನು ಎಂದೂ ಮಾಡಲಾರದಷ್ಟು ನಯವಾಗಿ ಕೊಯ್ದ ದಿನ ಎದೆಯಲ್ಲಿ ಹಳೆಯ ಚುಚ್ಚು ಮತ್ತೆ ಚುಚ್ಚಿತು. ಪೂರ್ತಿ ಹೋಗಿಲ್ಲ. ಆದರೆ ಬ್ಲೇಡು ಅವನ ಕೈಯಲ್ಲೇ ಇತ್ತು.

ಅವರು ಈಗ ಮದರಸಾ ಕಟ್ಟುತ್ತಿದ್ದಾರೆ. ಒಂದಕ್ಕೆ ನೂರು. ಎರಡನೆಯ ಮಿನಾರಿನ ಪ್ರಶ್ನೆ ಅವರಿಗೂ ಬಂತು. ಒಂದು ಶನಿವಾರವೆಲ್ಲ ಜಗಳವಾಡಿದರು. ನನ್ನನ್ನು ಕೇಳಿದರು, ನನಗೂ ಗೊತ್ತಾಗಿಲ್ಲ ಎಂದು ನಿಜ ಹೇಳಿದೆ. ಕೊನೆಗೆ ಎರಡನೆಯದನ್ನು ಅಂಟಿಸದೆ ಬೇರೆಯಾಗಿ ಮಾಡೋಣ, ಬೇಕೆಂದಾಗ ಇಟ್ಟು ಬೇಡವೆಂದಾಗ ತೆಗೆಯಬಹುದು ಎಂದು ಒಬ್ಬಳು ಹೇಳಿದಳು. ಹನ್ನೊಂದು ವರ್ಷ ನಾನು ತಲೆ ಕೆಡಿಸಿಕೊಂಡಿದ್ದಕ್ಕೆ ಇದೊಂದು ಉಪಾಯ ನನಗೇಕೆ ಹೊಳೆಯಲಿಲ್ಲವೋ. ನನ್ನ ಹಳೆಯ ಮಿನಾರಿನ ಬುಡಕ್ಕೆ ಅವರೇ ಹೊಸ ಕಾಗದ ಸುತ್ತಿ, ಅದನ್ನು ಆ ತೆಗೆದಿಡುವ ಮಿನಾರು ಮಾಡಿಕೊಂಡಿದ್ದಾರೆ.

ಟ್ರಂಕು ಖಾಲಿಯಾಯಿತು. ತೊಳೆದು, ಬಿಸಿಲಿಗಿಟ್ಟು, ಒಳಗೆ ಬೇವಿನ ಸೊಪ್ಪು ಹಾಸಿದೆ. ಈಗ ಅದರಲ್ಲಿ ಜೋಳ ತುಂಬಿದೆ. ಅಟ್ಟ ಹತ್ತಿಸಿಲ್ಲ, ಅಡಿಗೆಮನೆಯ ಬಾಗಿಲಲ್ಲೇ ಇದೆ. ವಾರಕ್ಕೆರಡು ಸಲವಾದರೂ ಮುಚ್ಚಳ ತೆಗೆಯಬೇಕಾಗುತ್ತದೆ.